ಮನೆಯ ಕಂಪ್ಯೂಟರಿನ ಹಠಮಾರಿ ಸ್ಪೈವೇರ್: ಡಿಫೆಂಡರ್ ಆಫ್‌ಲೈನ್ ಮತ್ತು ಇನ್ನೂ ಮೂರು ಉಚಿತ ಸಾಧನಗಳ ವಿಮರ್ಶೆ

ಕೊಡಗಿನ ಸುಂಟಿಕೊಪ್ಪದ ಹತ್ತಿರವಿರುವ ನಮ್ಮ ತೋಟದ ಮನೆಯಲ್ಲಿರುವುದು ಒಂದೇ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್. ತೋಟದ ಚೆಕ್‌ರೋಲ್ (ಕೆಲಸದಾಳುಗಳ ಹಾಜರಿ ಪಟ್ಟಿ), ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಕಾಫಿ ಮೂಟೆಗಳ ಲೆಕ್ಕ, ಹೋಮ್‌ಸ್ಟೇಗೆ ಬರುವವರ ಬುಕಿಂಗ್, ಮಕ್ಕಳ ಓದು, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲೇ ನಡೆಯುತ್ತದೆ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮಕ್ಕಂದೂರು ಕಡೆಯ ನನ್ನ ತವರುಮನೆ ಮಣ್ಣಿನಡಿಗೆ ಹೋದ ಮೇಲೆ, ಆ ಮನೆಯ ನೆನಪಿಗೆಂದು ಉಳಿದಿರುವ ಫೋಟೊಗಳು ಕೂಡ ಇದೇ ಹಾರ್ಡ್ ಡಿಸ್ಕ್‌ನಲ್ಲಿವೆ. ಇಂಥ ಕಂಪ್ಯೂಟರಿಗೆ ಕಳೆದ ಮಳೆಗಾಲ ಹಿಡಿದ ಮೊದಲ ವಾರದಲ್ಲಿ ಸ್ಪೈವೇರ್, ಅಂದರೆ ಒಳಗಿನ ಮಾಹಿತಿಯನ್ನು ಕದಿಯುವ ತಂತ್ರಾಂಶ, ಅಂಟಿಕೊಂಡಿತು. ಅದನ್ನು ಬೇರುಸಹಿತ ಕಿತ್ತು ಹಾಕಲು ನನಗೆ ಹನ್ನೊಂದು ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಬಳಸಿದ ಆಡ್‌ಡಬ್ಲ್ಯೂಕ್ಲೀನರ್, ಆಟೋರನ್ಸ್, ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಮತ್ತು ಕ್ಯಾಸ್ಪರ್‌ಸ್ಕಿ ರೆಸ್ಕ್ಯೂ ಡಿಸ್ಕ್ ಎಂಬ ನಾಲ್ಕು ಉಚಿತ ಸಾಧನಗಳು ಯಾವ ಯಾವ ಕೆಲಸಕ್ಕೆ ಒದಗುತ್ತವೆ, ಯಾವುದಕ್ಕೆ ಒದಗುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಓಡುತ್ತಿರುವಾಗ ಅದರೊಳಗೇ ಕುಳಿತು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಹಠಮಾರಿ ಕುತಂತ್ರಾಂಶ ಪೂರ್ತಿಯಾಗಿ ಹೋಗುವುದಿಲ್ಲ; ವಿಂಡೋಸನ್ನು ಎಬ್ಬಿಸದೆ, ಹೊರಗಿನಿಂದ ಬೂಟ್ ಮಾಡಿ (ಅಂದರೆ ಕಂಪ್ಯೂಟರನ್ನು ಶುರುಮಾಡಿ) ಹುಡುಕುವ ಸಾಧನವೇ ಈ ಕೆಲಸಕ್ಕೆ ಬೇಕು.

ಸ್ಪೈವೇರ್ ಬಂದ ದಾರಿ ಇದು. ಕಾಲೇಜಿನ ಸಮಾರಂಭಕ್ಕೆ ಪೋಸ್ಟರ್ ಮಾಡಲೆಂದು ದೊಡ್ಡ ಮಗ ಫೋಟೊ ತಿದ್ದುವ ದುಬಾರಿ ತಂತ್ರಾಂಶವೊಂದರ ಕ್ರ್ಯಾಕ್ ಪ್ರತಿಯನ್ನು, ಅಂದರೆ ಹಣ ಕೊಡದೆ ಬಳಸಲು ಬೀಗ ಮುರಿದ ಪ್ರತಿಯನ್ನು, ಎಲ್ಲಿಂದಲೋ ಇಳಿಸಿಕೊಂಡಿದ್ದ. ಅದು ಪಾಸ್‌ವರ್ಡ್ ಹಾಕಿದ ಜಿಪ್ ಕಡತವಾಗಿತ್ತು. ಜೊತೆಗಿದ್ದ ಚೀಟಿಯಲ್ಲಿ ಪಾಸ್‌ವರ್ಡ್ 1234 ಎಂದೂ, ಇನ್‌ಸ್ಟಾಲ್ ಮಾಡುವ ಮುನ್ನ ಆ್ಯಂಟಿವೈರಸ್ ಆಫ್ ಮಾಡಬೇಕೆಂದೂ ಬರೆದಿತ್ತು. ಈ ಎರಡು ಸೂಚನೆಗಳು ಒಟ್ಟಿಗೆ ಕಂಡ ಕಡೆ ಮುಂದೆ ಹೋಗಬಾರದು. ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗೆ ಏನಿದೆಯೆಂದು ಯಾವ ಆ್ಯಂಟಿವೈರಸ್ಸಿಗೂ ಕಾಣುವುದಿಲ್ಲ. ಹೊರಗೆ ಬಿಚ್ಚಿದ ಮೇಲೆ ಕಾಣಬೇಕಾದ ಕಾವಲುಗಾರನನ್ನು ನಾವೇ ಮನೆಗೆ ಕಳುಹಿಸಿರುತ್ತೇವೆ. ಹುಡುಗನನ್ನು ಬೈದು ಪ್ರಯೋಜನವಿರಲಿಲ್ಲ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ.

ಮೂರನೆಯ ದಿನದಿಂದ ಲಕ್ಷಣಗಳು ಶುರುವಾದವು. ಬ್ರೌಸರ್ ತೆರೆದರೆ ಹೆಸರೇ ಕೇಳದ ಹುಡುಕುತಾಣವೊಂದು ಬರುತ್ತಿತ್ತು. ಪರದೆಯ ಬಲಬದಿಯ ಕೆಳಮೂಲೆಯಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ, ತಕ್ಷಣ ಹಣ ಕಟ್ಟಿ ಎಂಬ ಕೆಂಪು ಚೌಕಗಳು ಏಳುತ್ತಿದ್ದವು. ಮಾವ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿ, "ಇದು ದುಡ್ಡು ಕೇಳ್ತಾ ಇದೆಯಲ್ಲಮ್ಮ, ಕಟ್ಟಬೇಕಾ?" ಎಂದು ಕೇಳಿದರು. ಕಟ್ಟಬಾರದು ಮಾವ, ಅದು ಯಾವುದೋ ತಾಣಕ್ಕೆ ನಾವು ಗೊತ್ತಿಲ್ಲದೆ ಕೊಟ್ಟ ನೋಟಿಫಿಕೇಷನ್ ಅನುಮತಿಯ ಫಲ ಎಂದು ಹೇಳಿ, ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಆ ಅನುಮತಿಯನ್ನು ರದ್ದು ಮಾಡಿದೆ. ಕೆಂಪು ಚೌಕಗಳು ಅಲ್ಲಿಗೆ ನಿಂತವು. ಆದರೆ ಅದಕ್ಕಿಂತ ಗಂಭೀರವಾದದ್ದು ರಾತ್ರಿ ಕಂಡಿತು. ಯಾರೂ ಕೆಲಸ ಮಾಡದಿರುವಾಗ ಪೆಟ್ಟಿಗೆಯೊಳಗಿನ ಫ್ಯಾನ್ ಜೋರಾಗಿ ಮೊರೆಯುತ್ತಿತ್ತು. ಏನು ಓಡುತ್ತಿದೆ ಎಂದು ನೋಡಲು ಟಾಸ್ಕ್ ಮ್ಯಾನೇಜರ್ ತೆರೆದರೆ ನಾಲ್ಕೈದು ಸೆಕೆಂಡಿನಲ್ಲಿ ಫ್ಯಾನ್ ತಣ್ಣಗಾಗುತ್ತಿತ್ತು. ಮುಚ್ಚಿದರೆ ಮತ್ತೆ ಮೊರೆತ. ನಾನು ಹತ್ತು ಸಲ ತೆರೆದು ಹತ್ತು ಸಲ ಮುಚ್ಚಿ ನೋಡಿದೆ, ಹತ್ತು ಸಲವೂ ಹಾಗೆಯೇ ಆಯಿತು. ನಮ್ಮ ಕರೆಂಟು ಸುಟ್ಟು ಬೇರೆಯವರಿಗೆ ಕ್ರಿಪ್ಟೊ ನಾಣ್ಯ ಗಳಿಸಿಕೊಡುವ ಮೈನರ್ ತಂತ್ರಾಂಶಗಳಲ್ಲಿ ಹಲವು ಹೀಗೆ ಟಾಸ್ಕ್ ಮ್ಯಾನೇಜರ್ ಕಂಡ ಕೂಡಲೇ ಅಡಗಿಕೊಳ್ಳುವಂತೆ ಬರೆಯಲ್ಪಟ್ಟಿರುತ್ತವೆ.

ಪೇಟೆಯ ರಿಪೇರಿ ಅಂಗಡಿಯೊಂದಕ್ಕೆ ಸಿಪಿಯು ಹೊತ್ತುಕೊಂಡು ಹೋದೆ. ಅಲ್ಲಿನವರು ಸ್ಕ್ರೂ ಕೂಡ ಬಿಚ್ಚದೆ, ಫಾರ್ಮ್ಯಾಟ್ ಹೊಡೆಯಬೇಕು, 700 ರೂಪಾಯಿ, ಜೊತೆಗೆ ಆ್ಯಂಟಿವೈರಸ್ಸಿನ ಕ್ರ್ಯಾಕ್ ಪ್ರತಿ ಉಚಿತವಾಗಿ ಹಾಕಿಕೊಡುತ್ತೇವೆ ಎಂದರು. ಕ್ರ್ಯಾಕಿನಿಂದ ಬಂದ ರೋಗಕ್ಕೆ ಕ್ರ್ಯಾಕನ್ನೇ ಮದ್ದೆಂದು ಕೊಡುವ ಈ ಪದ್ಧತಿ ನನಗೆ ನಿಜವಾಗಿ ಬೇಸರ ತರಿಸಿತು. ಕೆಲವು ವರ್ಷಗಳ ಹಿಂದೆ ಇಂಥದೇ ಅಂಗಡಿಯೊಂದರಲ್ಲಿ, ಕೇಳದೆಯೇ ಫಾರ್ಮ್ಯಾಟ್ ಮಾಡಿ, ಮಾವ ಎರಡು ಹಂಗಾಮಿನಲ್ಲಿ ಬರೆದಿಟ್ಟಿದ್ದ ತೋಟದ ಲೆಕ್ಕವನ್ನು ಕಳೆದುಹಾಕಿದ್ದರು. ಫಾರ್ಮ್ಯಾಟ್ ಎಂಬುದು ತಪ್ಪು ಚಿಕಿತ್ಸೆಯಲ್ಲ. ಕೆಲವು ಸಂದರ್ಭಗಳಲ್ಲಿ ಅದೇ ಸರಿಯಾದದ್ದು. ಆದರೆ ಒಳಗೆ ಏನಿದೆ, ಏನನ್ನು ಉಳಿಸಬೇಕು ಎಂದು ಒಂದು ಮಾತೂ ಕೇಳದೆ ಮಾಡುವ ಫಾರ್ಮ್ಯಾಟ್ ಮನೆಯವರಿಗೆ ಮಾಡುವ ಅನ್ಯಾಯ. ಸಿಪಿಯು ವಾಪಸ್ ಜೀಪಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಮೊದಲು ಮಾಡಿದ್ದು ಇಂಟರ್‌ನೆಟ್ ಕೇಬಲ್ ಕಿತ್ತದ್ದು. ಸ್ಪೈವೇರಿನ ಕೆಲಸವೇ ಒಳಗಿನದನ್ನು ಹೊರಗೆ ಸಾಗಿಸುವುದಾದ್ದರಿಂದ, ಬಾಗಿಲು ಹಾಕದೆ ಕಳ್ಳನನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ಬೇಕಾದ ಸಾಧನಗಳನ್ನು ಪಕ್ಕದ ತೋಟದವರ ಲ್ಯಾಪ್‌ಟಾಪಿನಲ್ಲಿ ಅವುಗಳ ತಯಾರಕರ ತಾಣದಿಂದಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದೆ. ಇಲ್ಲೊಂದು ಎಚ್ಚರಿಕೆ: ಇವುಗಳ ಹೆಸರನ್ನು ಹುಡುಕಿದರೆ ಜಾಹೀರಾತಿನ ರೂಪದಲ್ಲಿ ನಕಲಿ ತಾಣಗಳೂ ಮೇಲೆ ಬರುತ್ತವೆ. ನುಡಿ, ಬರಹದಂಥ ಕನ್ನಡ ತಂತ್ರಾಂಶಗಳನ್ನು ಹುಡುಕುವಾಗಲೂ ಕಂಡಕಂಡ ಡೌನ್‌ಲೋಡ್ ತಾಣಗಳಿಂದ ತೆಗೆದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಬಿಡಬೇಕು.

ಸಾಧನಗಳ ಮಾತಿಗೆ ಬರುವ ಮುನ್ನ ನಾನು ಕಂಡ ಒಂದು ಸಾಲಿನ ವಿಷಯ ಹೇಳಲೇಬೇಕು, ಏಕೆಂದರೆ ಈ ಇಡೀ ಪ್ರಕರಣದ ಗುಟ್ಟು ಅಲ್ಲಿಯೇ ಇತ್ತು. ವಿಂಡೋಸ್‌ನಲ್ಲಿಯೇ ಇರುವ ಡಿಫೆಂಡರ್‌ನಿಂದ ಮೊದಲ ದಿನ ಸ್ಕ್ಯಾನ್ ಮಾಡಿದಾಗ ಯಾವ ಅಪಾಯವೂ ಕಂಡುಬಂದಿಲ್ಲ ಎಂಬ ಹಸಿರು ಗುರುತು ಬಂದಿತ್ತು. ಹಾಗಿದ್ದೂ ಫ್ಯಾನ್ ಮೊರೆಯುತ್ತಿದೆಯಲ್ಲ ಎಂದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಪುಟದ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ನೋಡುತ್ತಾ ಕೆಳಭಾಗದಲ್ಲಿರುವ ಎಕ್ಸ್‌ಕ್ಲೂಷನ್ಸ್ ಎಂಬಲ್ಲಿಗೆ ಹೋದೆ. ಯಾವ ಜಾಗಗಳನ್ನು ಪರೀಕ್ಷಿಸಬಾರದು ಎಂದು ಡಿಫೆಂಡರ್‌ಗೆ ತಿಳಿಸುವ ಪಟ್ಟಿ ಅದು. ನಾವು ಯಾರೂ ಅದನ್ನು ಮುಟ್ಟಿರಲಿಲ್ಲ. ಆದರೂ ಅಲ್ಲಿ ಒಂದೇ ಒಂದು ಸಾಲಿತ್ತು: 'ಸಿ' ಅಕ್ಷರ, ಪಕ್ಕದಲ್ಲಿ ಎರಡು ಚುಕ್ಕೆ, ಒಂದು ಓರೆಗೆರೆ. ಅಂದರೆ ಇಡೀ ಸಿ ಡ್ರೈವನ್ನೇ ಪರೀಕ್ಷೆಯಿಂದ ಹೊರಗಿಡಲಾಗಿತ್ತು. ಮಗ ಆ್ಯಂಟಿವೈರಸ್ ಆಫ್ ಮಾಡಿ, ಅಡ್ಮಿನಿಸ್ಟ್ರೇಟರ್ ಅನುಮತಿ ಕೊಟ್ಟ ಆ ಒಂದು ನಿಮಿಷದಲ್ಲಿ ಕುತಂತ್ರಾಂಶ ತನಗೆ ತಾನೇ ಬರೆದುಕೊಂಡ ಪರವಾನಗಿ ಅದು. ಡಿಫೆಂಡರ್ ಸುಳ್ಳು ಹೇಳಿರಲಿಲ್ಲ. ನೋಡಬೇಡ ಎಂದದ್ದನ್ನು ನೋಡಿರಲಿಲ್ಲ ಅಷ್ಟೆ. ಆ ಸಾಲನ್ನು ಅಳಿಸಿ, ಡಿಫೆಂಡರ್‌ನ ಸೆಟ್ಟಿಂಗ್‌ಗಳನ್ನು ಬೇರೆ ತಂತ್ರಾಂಶ ಬದಲಿಸದಂತೆ ಕಾಯುವ ಟ್ಯಾಂಪರ್ ಪ್ರೊಟೆಕ್ಷನ್ ಮತ್ತೆ ಆನ್ ಮಾಡಿದೆ. ಹಸಿರು ಗುರುತು ಕಂಡೂ ಕಂಪ್ಯೂಟರಿನ ನಡವಳಿಕೆ ಸರಿಯಿಲ್ಲವೆನಿಸಿದವರು ದಯವಿಟ್ಟು ಮೊದಲು ಈ ಪಟ್ಟಿಯನ್ನು ನೋಡಿ.

ಈಗ ಆಡ್‌ಡಬ್ಲ್ಯೂಕ್ಲೀನರ್. ಇದು ಮಾಲ್‌ವೇರ್‌ಬೈಟ್ಸ್ ಕಂಪನಿಯದು. ಬೇರೆಯವರು ಮಾಡಿದ್ದನ್ನು ಆ ಕಂಪನಿ 2016ರಲ್ಲಿ ಕೊಂಡುಕೊಂಡಿತು. ಗಾತ್ರ ಚಿಕ್ಕದು, ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ, ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಜಾಹೀರಾತು ತರುವ ತಂತ್ರಾಂಶ, ಬ್ರೌಸರ್ ಅಪಹರಿಸುವ ಎಕ್ಸ್‌ಟೆನ್ಷನ್, ಬೇಡದ ಟೂಲ್‌ಬಾರ್ ಇವುಗಳಿಗೆಂದೇ ಮಾಡಿದ ಸಾಧನ ಇದು. ನಮ್ಮ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಒಂದನ್ನು ತೆಗೆಯಲು ಹೋದರೆ, ಇದನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ಹಾಕಿದ್ದಾರೆ ಎಂದು ತೆಗೆಯುವ ಗುಂಡಿಯನ್ನೇ ಕೊಡುತ್ತಿರಲಿಲ್ಲ. ಕಚೇರಿಗಳಲ್ಲಿ ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ನಿಭಾಯಿಸಲೆಂದು ಇರುವ ಪಾಲಿಸಿ ಎಂಬ ಸೌಲಭ್ಯವನ್ನು ವಿಂಡೋಸಿನ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯ ಮೂಲಕ ದುರುಪಯೋಗಪಡಿಸಿಕೊಂಡು ಅದು ಕುಳಿತಿತ್ತು. ಆಡ್‌ಡಬ್ಲ್ಯೂಕ್ಲೀನರ್‌ನ ಸೆಟ್ಟಿಂಗ್‌ನಲ್ಲಿ ಕ್ರೋಮ್ ಪಾಲಿಸಿಗಳನ್ನೂ, ತಾಣಗಳಿಗೆ ಹೋಗುವ ದಾರಿಯನ್ನು ನಿರ್ಧರಿಸುವ ಪ್ರಾಕ್ಸಿಯನ್ನೂ ಹೋಸ್ಟ್ಸ್ ಕಡತವನ್ನೂ ಮೊದಲಿನ ಸ್ಥಿತಿಗೆ ತರುವ ಆಯ್ಕೆಗಳಿವೆ. ಅವುಗಳನ್ನು ಆನ್ ಮಾಡಿ ಶುಚಿಗೊಳಿಸಿದ ಮೇಲೆ ಎಕ್ಸ್‌ಟೆನ್ಷನ್ ಹೋಯಿತು. ಮಾರನೆಯ ಬೆಳಿಗ್ಗೆ ಮತ್ತೆ ಬಂತು. ಇದು ಈ ಸಾಧನದ ದೋಷವಲ್ಲ. ಇದು ಬ್ರೌಸರನ್ನು ತೊಳೆಯುತ್ತದೆ, ಬ್ರೌಸರಿಗೆ ಕೊಳೆ ಹಚ್ಚುತ್ತಿರುವ ಕೈಯನ್ನು ಹಿಡಿಯುವುದು ಇದರ ಕೆಲಸವಲ್ಲ.

ಆ ಕೈಯನ್ನು ತೋರಿಸಿಕೊಟ್ಟದ್ದು ಆಟೋರನ್ಸ್. ಸಿಸ್‌ಇಂಟರ್ನಲ್ಸ್ ಎಂಬ ಸಾಧನಗುಚ್ಛದ ಭಾಗ ಇದು. ಆ ಸಂಸ್ಥೆಯನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, ಅದರ ಸ್ಥಾಪಕರಲ್ಲಿ ಒಬ್ಬರಾದ ಮಾರ್ಕ್ ರುಸಿನೋವಿಚ್ ಈ ಸಾಧನದ ಕರ್ತೃಗಳಲ್ಲಿ ಒಬ್ಬರು. ವಿಂಡೋಸ್ ಎದ್ದ ಕೂಡಲೇ ತಾನಾಗಿ ಓಡುವ ಪ್ರತಿಯೊಂದು ವಸ್ತುವನ್ನೂ, ಸರ್ವಿಸ್, ಡ್ರೈವರ್, ವೇಳಾಪಟ್ಟಿಯ ಕೆಲಸಗಳು ಎಲ್ಲವನ್ನೂ, ಒಂದೇ ಪಟ್ಟಿಯಲ್ಲಿ ಇದು ಹರಡಿಡುತ್ತದೆ. ಮೊದಲ ಸಲ ನೋಡಿದವರಿಗೆ ತಲೆ ತಿರುಗುವಷ್ಟು ಸಾಲುಗಳಿರುತ್ತವೆ. ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ, ತಯಾರಕರು ಯಾರೆಂದು ಖಚಿತಪಡಿಸುವ ಡಿಜಿಟಲ್ ಸಹಿಯನ್ನು ಪರಿಶೀಲಿಸುವಂತೆ ಹೇಳಿದರೆ ಪಟ್ಟಿ ಒಂದು ಪುಟಕ್ಕೆ ಇಳಿಯುತ್ತದೆ. ಸಹಿ ಇಲ್ಲದವು ಗುಲಾಬಿ ಬಣ್ಣದಲ್ಲೂ, ಕಡತವೇ ಇಲ್ಲದೆ ಹೆಸರು ಮಾತ್ರ ಉಳಿದಿರುವವು ಹಳದಿಯಲ್ಲೂ ಕಾಣುತ್ತವೆ. ಶೆಡ್ಯೂಲ್ಡ್ ಟಾಸ್ಕ್ಸ್ ವಿಭಾಗದಲ್ಲಿ ಗುಲಾಬಿ ಬಣ್ಣದ ಒಂದು ಸಾಲಿತ್ತು. ಹೆಸರು ನೋಡಿದರೆ ವಿಂಡೋಸಿನದೇ ಅಪ್‌ಡೇಟ್ ಎನ್ನುವಂತಿತ್ತು. ಆದರೆ ಅದು ಓಡಿಸುತ್ತಿದ್ದ ಕಡತ ಇದ್ದದ್ದು ಆ್ಯಪ್‌ಡೇಟಾ ಫೋಲ್ಡರಿನೊಳಗಿನ ರೋಮಿಂಗ್‌ನಲ್ಲಿ, ಅರ್ಥವಿಲ್ಲದ ಎಂಟು ಅಕ್ಷರಗಳ ಹೆಸರಿನಲ್ಲಿ. ವಿಂಡೋಸಿನ ಅಪ್‌ಡೇಟ್‌ಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಆ ಸಾಲಿನ ಗುರುತು ತೆಗೆದು ನಿಷ್ಕ್ರಿಯಗೊಳಿಸಿದೆ, ಕಡತವನ್ನು ಅಳಿಸಿದೆ. ಎರಡೇ ನಿಮಿಷದಲ್ಲಿ ಬೇರೆ ಎಂಟು ಅಕ್ಷರಗಳ ಹೆಸರಿನಲ್ಲಿ ಹೊಸ ಕಡತ, ಹೊಸ ಸಾಲು ಹುಟ್ಟಿಕೊಂಡವು. ಕೇಬಲ್ ಕಿತ್ತಿದ್ದರಿಂದ ಅದು ಹೊರಗಿನಿಂದ ಬಂದಿರಲು ಸಾಧ್ಯವಿರಲಿಲ್ಲ. ಒಳಗೇ ಇನ್ನೊಂದು ಕುಳಿತು ಇದನ್ನು ಕಾಯುತ್ತಿತ್ತು.

ಕಾಫಿ ಬೆಳೆಗಾರರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಅರೇಬಿಕಾ ಗಿಡದ ಕಾಂಡದೊಳಕ್ಕೆ ಬೋರರ್ ಎಂಬ ಕಾಂಡ ಕೊರೆಯುವ ಹುಳು ಇಳಿದ ಮೇಲೆ ಹೊರಗಿನಿಂದ ಎಷ್ಟು ಔಷಧಿ ಹೊಡೆದರೂ ಹುಳುವಿಗೆ ಮುಟ್ಟುವುದಿಲ್ಲ, ಗಿಡವನ್ನು ಗುರುತಿಸಿ ಕಿತ್ತು ಸುಡಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಎರಡು ಪ್ರಕ್ರಿಯೆಗಳು ಒಂದನ್ನೊಂದು ಕಾಯುತ್ತಿದ್ದರೆ, ಒಂದನ್ನು ಅಳಿಸಿದ ಕ್ಷಣ ಮತ್ತೊಂದು ಅದನ್ನು ಪುನಃ ಬರೆಯುತ್ತದೆ. ಇನ್ನು ರೂಟ್‌ಕಿಟ್ ಜಾತಿಯವು ಕಡತಗಳ ಪಟ್ಟಿ ಕೇಳಿದಾಗ ತಮ್ಮ ಹೆಸರನ್ನೇ ಬಿಟ್ಟು ಉಳಿದದ್ದನ್ನು ತೋರಿಸುವಂತೆ ವಿಂಡೋಸನ್ನೇ ತಿದ್ದಿರುತ್ತವೆ. ಆಗ ವಿಂಡೋಸ್‌ನೊಳಗೆ ಓಡುವ ಆ್ಯಂಟಿವೈರಸ್ ಆ ಸುಳ್ಳು ಪಟ್ಟಿಯನ್ನೇ ನಂಬಬೇಕಾಗುತ್ತದೆ. ವಿಂಡೋಸ್ ಏಳದಿದ್ದರೆ ಇವು ಯಾವುವೂ ಏಳುವುದಿಲ್ಲ. ಡಿಸ್ಕ್‌ನ ಮೇಲೆ ಬರೀ ಕಡತಗಳಾಗಿ, ಉಸಿರಿಲ್ಲದೆ ಬಿದ್ದಿರುತ್ತವೆ.

ಡಿಫೆಂಡರ್ ಆಫ್‌ಲೈನ್ ಮಾಡುವುದು ಇದನ್ನೇ. ಇದಕ್ಕಾಗಿ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ, ಹಣವನ್ನೂ ಕೊಡಬೇಕಾಗಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಪುಟದ ಸ್ಕ್ಯಾನ್ ಆಪ್ಷನ್ಸ್ ಒಳಗೆ ಅದು ಮೊದಲಿನಿಂದಲೂ ಕುಳಿತಿದೆ. ಇಷ್ಟು ಒಳ್ಳೆಯ ಸಾಧನವನ್ನು ಪಟ್ಟಿಯ ಕೆಳಗೆ ಅಡಗಿಸಿಟ್ಟಿರುವುದೇ ಅದರ ಬಗ್ಗೆ ನನಗಿರುವ ದೂರು. ಓಡಿಸುವ ಮುನ್ನ ಎರಡು ಕೆಲಸ ಮಾಡಬೇಕು. ವೈರಸ್ ಲಕ್ಷಣಗಳ ಪಟ್ಟಿಯನ್ನು ಅಪ್‌ಡೇಟ್ ಮಾಡಿಕೊಳ್ಳಬೇಕು. ನಾನು ಅದಕ್ಕೆಂದು ಐದು ನಿಮಿಷ ಮಾತ್ರ ಕೇಬಲ್ ಹಾಕಿದೆ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಹಾಕಿಸಿಕೊಂಡಿರುವವರು ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು. ಸ್ಕ್ಯಾನ್ ನೌ ಒತ್ತಿದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಎಂದಿನ ವಿಂಡೋಸ್ ಬದಲು ದುರಸ್ತಿಗೆಂದು ಇರುವ ರಿಕವರಿ ಪರಿಸರಕ್ಕೆ ಹೋಗಿ, ಅಲ್ಲಿ ಒಂದು ಸಣ್ಣ ಕಿಟಕಿಯಲ್ಲಿ ಕಡತಗಳನ್ನು ಎಣಿಸುತ್ತಾ ಹೋಗುತ್ತದೆ. ಸುಮಾರು 15 ನಿಮಿಷದ ಕೆಲಸವೆಂದು ಮೈಕ್ರೋಸಾಫ್ಟ್ ಹೇಳುತ್ತದೆ.

ಆ 15 ನಿಮಿಷ ಸಿಗುವುದು ಮಳೆಗಾಲದ ಕೊಡಗಿನಲ್ಲಿ ಸುಲಭವಲ್ಲ. ಮೊದಲ ಪ್ರಯತ್ನದಲ್ಲಿ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ನಮ್ಮ ಯುಪಿಎಸ್‌ನ ಬ್ಯಾಟರಿ ಮುಪ್ಪಾಗಿ ಎರಡು ನಿಮಿಷಕ್ಕೆ ಕೈಬಿಟ್ಟಿತು. ಕರೆಂಟು ಬಂದದ್ದು ಮೂರನೆಯ ದಿನ. ಎರಡನೆಯ ಪ್ರಯತ್ನವನ್ನು, ಹೋಮ್‌ಸ್ಟೇಗೆಂದು ಇಟ್ಟಿರುವ ಜನರೇಟರ್ ಹಾಕಿಕೊಂಡು ನಡೆಸಿದೆ. ನಮ್ಮ ಹಳೆಯ ಡಿಸ್ಕ್‌ನಲ್ಲಿ ಅದು ಮುಗಿಯಲು ಅರ್ಧ ಗಂಟೆಗೂ ಹೆಚ್ಚು ಬೇಕಾಯಿತು. ಮುಗಿದ ಮೇಲೆ ಏನನ್ನೂ ಹೇಳದೆ ತಾನೇ ರೀಸ್ಟಾರ್ಟ್ ಆಗುತ್ತದೆ. ಫಲಿತಾಂಶವನ್ನು ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಹುಡುಕಿ ನೋಡಬೇಕು. ನಾನು ತೆರೆದು ನೋಡಿದಾಗ ಟ್ರೋಜನ್ ಎಂದು ಶುರುವಾಗುವ ಎರಡು ಹೆಸರುಗಳಿದ್ದವು. ಒಂದು ನಾನು ಅಳಿಸಿ ಅಳಿಸಿ ಸೋತಿದ್ದ ಎಂಟಕ್ಷರದ ಕಡತ. ಇನ್ನೊಂದು, ನಾನು ಒಮ್ಮೆಯೂ ಕಂಡಿರದ, ಪ್ರೋಗ್ರಾಂಡೇಟಾ ಫೋಲ್ಡರಿನಲ್ಲಿ ಪ್ರಿಂಟರಿನ ಹೆಸರು ಹಾಕಿಕೊಂಡು ಕುಳಿತಿದ್ದ ಅದರ ಜೊತೆಗಾರ. ಎರಡನ್ನೂ ತೆಗೆದುಹಾಕಲಾಗಿದೆ ಎಂದು ಬರೆದಿತ್ತು. ಅದಾದ ಮೇಲೆ ಆಟೋರನ್ಸ್ ತೆರೆದರೆ ಆ ಸಾಲು ಹಳದಿಯಾಗಿತ್ತು, ಅಂದರೆ ಕರೆಯುವವನು ಇದ್ದಾನೆ, ಓಗೊಡುವವನಿಲ್ಲ. ಆ ಸಾಲನ್ನು ಅಳಿಸಿದೆ. ಆಡ್‌ಡಬ್ಲ್ಯೂಕ್ಲೀನರ್ ಮತ್ತೊಮ್ಮೆ ಓಡಿಸಿದೆ. ಈ ಸಲ ಎಕ್ಸ್‌ಟೆನ್ಷನ್ ಹೋದದ್ದು ಹೋಯಿತು. ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರಿನ ಪಕ್ಕದಲ್ಲಿ ಕುಳಿತು ಕೇಳಿದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಕ್ಯಾಸ್ಪರ್‌ಸ್ಕಿ ರೆಸ್ಕ್ಯೂ ಡಿಸ್ಕನ್ನು ಬಳಸಿದ್ದು ಎರಡನೆಯ ಅಭಿಪ್ರಾಯಕ್ಕಾಗಿ. ಇದು ವಿಂಡೋಸ್ ಅಲ್ಲದ ಬೇರೊಂದು ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಆಧಾರಿತ. ಡಿಸ್ಕ್‌ನ ಪೂರ್ಣ ಪ್ರತಿಯಾದ ಐಎಸ್ಒ ಕಡತವನ್ನು ಇಳಿಸಿ, ರೂಫಸ್‌ನಂಥ ಸಾಧನದಿಂದ ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಬೂಟ್ ಮಾಡಬೇಕು. ವಿಂಡೋಸ್‌ನ ರಿಕವರಿ ಭಾಗವೇ ಹಾಳಾಗಿದ್ದಾಗ, ಅಥವಾ ಕಂಪ್ಯೂಟರ್ ಏಳುವುದೇ ಇಲ್ಲವೆಂದಾದಾಗ ಇಂಥದ್ದು ಬೇಕೇ ಬೇಕು. ಆದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಬೂಟ್ ಕ್ರಮ ಬದಲಿಸುವುದು, ಕೆಲವು ಕಂಪ್ಯೂಟರುಗಳಲ್ಲಿ ನಂಬಿಕಸ್ತ ವ್ಯವಸ್ಥೆಯನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡುವುದು ಇವೆಲ್ಲ ಅಭ್ಯಾಸವಿಲ್ಲದವರಿಗೆ ಕಷ್ಟ. ನಮ್ಮಲ್ಲಿ ಅದಕ್ಕೆ ಹೊಸದಾಗಿ ಯಾವ ವೈರಸ್ಸೂ ಸಿಗಲಿಲ್ಲ. ಆದರೆ ಡಿ ಡ್ರೈವಿನಲ್ಲಿ ಪಾಸ್‌ವರ್ಡ್ ಇರುವುದರಿಂದ ತೆರೆಯಲಾಗದ ಕಡತವೊಂದಿದೆ ಎಂದು ಅದು ಪಟ್ಟಿಯಲ್ಲಿ ತೋರಿಸಿತು. ನೋಡಿದರೆ ಮಗ ಜೋಪಾನವಾಗಿ ಬ್ಯಾಕಪ್ ಮಾಡಿಟ್ಟಿದ್ದ ಅದೇ ಜಿಪ್. ಅದನ್ನು ಅವನ ಕೈಯಿಂದಲೇ ಅಳಿಸಿಸಿದೆ.

ಇನ್ನೊಂದು ಮಾತು ನಮ್ಮ ಸರ್ಕಾರದ ಸೌಲಭ್ಯದ ಬಗ್ಗೆ. ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಿಂದ ಸೈಬರ್ ಸ್ವಚ್ಛತಾ ಕೇಂದ್ರವನ್ನು ನಡೆಸುತ್ತಿದೆ. ಸ್ವದೇಶಿ ಆ್ಯಂಟಿವೈರಸ್ ಕಂಪನಿಗಳ ಸಹಯೋಗದಲ್ಲಿ ಬಾಟ್ (ಕಂಪ್ಯೂಟರನ್ನು ದೂರದಿಂದ ಬೇರೆಯವರ ಹಿಡಿತಕ್ಕೆ ಕೊಡುವ ಕುತಂತ್ರಾಂಶ) ತೆಗೆಯುವ ಸಾಧನಗಳನ್ನು ಅದು ಉಚಿತವಾಗಿ ಕೊಡುತ್ತದೆ. ಇಂಗ್ಲಿಷ್ ಬಾರದ ಮನೆಯವರಿಗೆ ಫೋನಿನಲ್ಲಿ ವಿವರಿಸುವಾಗ ಸರ್ಕಾರದ ತಾಣ ಎನ್ನುವುದೇ ಒಂದು ಭರವಸೆ. ಹಣವೇ ಹೋಗಿದ್ದರೆ ಮಾತ್ರ ಸ್ಕ್ಯಾನ್ ಮಾಡುತ್ತಾ ಕೂರದೆ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಬೇಕು.

ಸ್ಪೈವೇರ್ ಹೋದ ಮಾತ್ರಕ್ಕೆ ಅದು ಕದ್ದದ್ದು ಹಿಂದಿರುಗಿ ಬರುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಆಗಿರುವುದನ್ನು ನೆನಪಿಡುವ ಕುಕಿಗಳನ್ನೂ ಇಂಥವು ಮೊದಲ ದಿನವೇ ಒಯ್ದಿರುತ್ತವೆ. ಆದ್ದರಿಂದ ಶುದ್ಧವಾಗಿದ್ದ ಫೋನಿನಿಂದ ಇಮೇಲ್, ಬ್ಯಾಂಕ್, ಹೋಮ್‌ಸ್ಟೇ ಬುಕಿಂಗ್ ಖಾತೆಗಳ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿಸಿದೆ. ಪಾಸ್‌ವರ್ಡ್ ಬದಲಿಸಿ ಲಾಗ್‌ಔಟ್ ಮಾಡಿಸದಿದ್ದರೆ ಕದ್ದ ಕುಕಿ ಕೆಲವು ಕಡೆ ಮುಂದುವರಿದೂ ಕೆಲಸ ಮಾಡುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಇರುವ ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನೂ ಅಳಿಸಿದೆ, ಅವುಗಳಲ್ಲಿ ಹಳೆಯ ರೋಗ ಉಳಿದಿರಬಹುದೆಂಬ ಕಾರಣಕ್ಕೆ. ತವರುಮನೆಯ ಫೋಟೊಗಳು ಈಗ ಎರಡು ಕಡೆ ಪ್ರತಿಯಾಗಿವೆ. ಒಂದು ಪ್ರತಿ ಮೈಸೂರಿನಲ್ಲಿರುವ ಅಣ್ಣನ ಮನೆಯಲ್ಲಿದೆ.

ನಮ್ಮದು ಏಳನೆಯ ತಲೆಮಾರಿನ ಐ3 ಪ್ರೊಸೆಸರಿನ ಯಂತ್ರ. ವಿಂಡೋಸ್ 11ಕ್ಕೆ ಅದು ಅರ್ಹವಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡಿದ್ದೇನೆ; ಕಾಫಿ ಹಣ ಕೈಗೆ ಬಂದ ಮೇಲೆ ಯಂತ್ರವನ್ನೇ ಬದಲಿಸುವ ಯೋಚನೆಯಿದೆ. ರೆಸ್ಕ್ಯೂ ಡಿಸ್ಕ್ ಬರೆದ ಪೆನ್‌ಡ್ರೈವನ್ನು ತೇವ ತಾಗದಂತೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಕಳೆದ ವಾರ ಪಕ್ಕದ ತೋಟದವರು ಅದನ್ನು ಕೇಳಿಕೊಂಡು ಬಂದರು. ಅದರಲ್ಲಿರುವ ವೈರಸ್ ಪಟ್ಟಿ ಹಳೆಯದಾಗಿದೆ, ಬೂಟ್ ಆದ ಮೇಲೆ ನೆಟ್ ಜೋಡಿಸಿ ಅಪ್‌ಡೇಟ್ ಮಾಡಿ, ಆಮೇಲೆ ಸ್ಕ್ಯಾನ್ ಒತ್ತಿ ಎಂದು ಒಂದು ಚೀಟಿ ಬರೆದು ಡಬ್ಬಿಯೊಳಗೇ ಹಾಕಿ ಕೊಟ್ಟೆ.